ಕಚ್ಚಾ ಎಣ್ಣೆಯ ಕಾಕಾ

ಪೆಟ್ರೋಲಿನ ಬೆಲೆ ಯಾಕೆ ಏರುತ್ತದೆ ಎಂಬುದನ್ನು ಸರಿಯಾಗಿ ತಿಳಿದವರು ಈ ದೇಶದಲ್ಲಿ ಇಬ್ಬರೇ ಇದ್ದರು. ಒಬ್ಬರು ದಿಲ್ಲಿಯಲ್ಲಿ ಕುಳಿತ ಪೆಟ್ರೋಲಿಯಂ ಮಂತ್ರಿ. ಇನ್ನೊಬ್ಬರು ಬೈಲಹೊಂಗಲದ ಬಜಾರಿನಲ್ಲಿ ಭಾಂಡೆ ಅಂಗಡಿ ಇಟ್ಟುಕೊಂಡು ಕೊಡ, ತಂಬಿಗೆ, ಪರಾತಗಳನ್ನು ಮಾರುತ್ತಿದ್ದ ನಮ್ಮ ಕಾಕಾ. ಮಂತ್ರಿಗಳು ಆಗಾಗ ಬದಲಾಗುತ್ತಿದ್ದರು, ಕಾಕಾ ಬದಲಾಗಲಿಲ್ಲ. ಹಾಗಾಗಿ ಒಬ್ಬರೇ ಎಂದು ಹಿಡಿದರೂ ತಪ್ಪಿಲ್ಲ!

ಕಾಕಾ ಎಂದರೆ ನಮ್ಮ ಅಪ್ಪನ ತಮ್ಮ. ತಾಮ್ರ ಹಿತ್ತಾಳೆಯ ಮನುಷ್ಯನಿಗೂ ಪೆಟ್ರೋಲಿಗೂ ನಂಟು ಹೇಗೆ ಬೆಳೆಯಿತು ಎಂದು ನೀವು ಕೇಳಬಹುದು. ಸ್ಕೂಟರಿನಿಂದ ಬೆಳೆಯಿತು. ಹೆಸರು ಹಚ್ಚಿ ವರ್ಷಗಟ್ಟಲೆ ಕಾದು, ತೊಂಬತ್ತನೆಯ ಇಸವಿಯಲ್ಲಿ ಅವರು ಒಂದು ಬೂದು ಬಣ್ಣದ ಸ್ಕೂಟರ್ ತಂದರು. ಅದಕ್ಕೆ ಕುಂಕುಮ ಹಚ್ಚಿ, ಲಿಂಬೆಹಣ್ಣು ತುಳಿಸಿ ಕೆಲವೇ ದಿನವಾಗಿತ್ತು, ಅಷ್ಟರಲ್ಲಿ ಕೊಲ್ಲಿ ದೇಶಗಳಲ್ಲಿ ಗದ್ದಲ ಎದ್ದಿತು. ಆ ವರ್ಷ ಮುಗಿಯುವುದರೊಳಗೆ ಪೆಟ್ರೋಲಿನ ಬೆಲೆಯೂ ಎದ್ದಿತು. ಬೇರೆಯವರಾಗಿದ್ದರೆ ಕಾಲ ಕೆಟ್ಟಿದೆ ಎಂದು ಸುಮ್ಮನಾಗುತ್ತಿದ್ದರು. ಕಾಕಾ ಅದನ್ನು ಮನಸ್ಸಿಗೆ ಹಚ್ಚಿಕೊಂಡರು.

"ನಾ ಸ್ಕೂಟರ್ ತಗೊಂಡಿದ್ದು ಅವರಿಗೆ ಹೆಂಗ ಗೊತ್ತಾತು?" ಎಂದು ಅಪ್ಪನನ್ನು ಕೇಳಿದರು.

"ಯಾರಿಗೆ?"

"ಅರಬಸ್ತಾನದವರಿಗೆ."

ಅಂದಿನಿಂದ ಅವರ ಓದು ಶುರುವಾಯಿತು. ಭಾಂಡೆ ಸುತ್ತಿ ಕೊಡಲೆಂದು ರದ್ದಿಗೆ ತಂದ ಪೇಪರುಗಳಲ್ಲಿ ಎಣ್ಣೆಯ ಸುದ್ದಿ ಇದ್ದ ಹಾಳೆಗಳನ್ನೆಲ್ಲ ಬೇರೆ ತೆಗೆದಿಟ್ಟರು. ಓದಿ ಓದಿ ಒಂದು ಸಿದ್ಧಾಂತಕ್ಕೆ ಬಂದರು. ನಮ್ಮ ನೆಲದಲ್ಲಿ, ನಮ್ಮ ಸಮುದ್ರದಲ್ಲಿ ತೆಗೆಯುವ ಎಣ್ಣೆ ಒಂದು ತಂಬಿಗೆ. ನಾವು ಸುಡುವುದು ಒಂದು ಹಂಡೆ. ಉಳಿದದ್ದನ್ನು ಡಾಲರ್ ಕೊಟ್ಟು ಹೊರಗಿನಿಂದ ತರಬೇಕು. ಅಂದಮೇಲೆ ಬೈಲಹೊಂಗಲದಲ್ಲಿ ಒಬ್ಬ ಮನುಷ್ಯ ಒಂದು ಚಮಚ ಪೆಟ್ರೋಲ್ ಉಳಿಸಿದರೆ ಅಷ್ಟರಮಟ್ಟಿಗೆ ಅರಬಸ್ತಾನದ ಸೊಕ್ಕು ಇಳಿಯುತ್ತದೆ!

ಉಳಿಸಲು ಅವರು ಕಂಡುಕೊಂಡ ದಾರಿ, ಇಳಿಜಾರಿನಲ್ಲಿ ಎಂಜಿನ್ ಬಂದ್ ಮಾಡುವುದು. ಆದರೆ ನಮ್ಮ ಸೀಮೆ ನಿಮಗೆ ಗೊತ್ತಲ್ಲ, ಎರೆಭೂಮಿ, ತಟ್ಟೆಯ ಹಾಗೆ ಸಪಾಟು. ಇಳಿಜಾರು ಎಲ್ಲಿಂದ ತರುವುದು? ಕಾಕಾ ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ತಿಂಗಳಿಗೊಮ್ಮೆ ಹೋಗತೊಡಗಿದರು. ಗಂಡನಿಗೆ ಈ ವಯಸ್ಸಿನಲ್ಲಾದರೂ ಭಕ್ತಿ ಹುಟ್ಟಿತಲ್ಲ ಎಂದು ಕಾಕಿ ಹಿಗ್ಗಿದಳು. ಮೊದಲ ಸಲ ದರ್ಶನ ಮುಗಿಸಿ ಇಳಿಯುವಾಗ ಅವಳಿಗೆ ವಿಷಯ ಗೊತ್ತಾಯಿತು.

"ರೀ, ಗಾಡಿ ಬಂದಾತಲ್ರೀ!"

"ಬಂದಾಗಿಲ್ಲ, ನಾನ ಬಂದ್ ಮಾಡೇನಿ. ಇಳಕಲಿಗೆ ಪೆಟ್ರೋಲ್ ಯಾಕ ಬೇಕು?"

"ಬ್ರೇಕರೆ ಹಾಕ್ರಿ!"

"ಪುಕ್ಕಟ ಸಿಕ್ಕ ಸ್ಪೀಡಿಗೆ ಯಾರರೆ ಬ್ರೇಕ್ ಹಾಕ್ತಾರೇನ?"

ಆ ಸಲ ಎರಡು ಮೇಕೆ, ಒಬ್ಬ ಬಳೆಗಾರ ಮತ್ತು ಒಂದು ಅರಿಸಿನ ಭಂಡಾರದ ಅಂಗಡಿ ಕೂದಲೆಳೆಯಲ್ಲಿ ಪಾರಾದವು. ಅಲ್ಲಿಂದ ಮುಂದೆ ಕಾಕಿ ಗುಡ್ಡಕ್ಕೆ ಹೊರಟಾಗ ಚೀಲದಲ್ಲಿ ಎರಡು ತೆಂಗಿನಕಾಯಿ ಇಟ್ಟುಕೊಳ್ಳುತ್ತಿದ್ದಳು. ಒಂದನ್ನು ಮೇಲೆ ದೇವಿಯ ಮುಂದೆ ಒಡೆಸುತ್ತಿದ್ದಳು. ಇನ್ನೊಂದನ್ನು ಕೆಳಗೆ ಇಳಿದ ಮೇಲೆ, ಗಾಡಿ ಪೂರ್ತಿ ನಿಂತದ್ದನ್ನು ಖಾತ್ರಿ ಮಾಡಿಕೊಂಡು, ತಾನೇ ಒಡೆಯುತ್ತಿದ್ದಳು. ನಾನು ನೋಡಿದ ಮಟ್ಟಿಗೆ ಹೆಚ್ಚು ಭಕ್ತಿ ಎರಡನೆಯ ಕಾಯಿಯಲ್ಲೇ ಇತ್ತು.

ತಾವು ತಿಳಿದದ್ದನ್ನು ಊರಿಗೆ ತಿಳಿಸದೆ ಇರುವ ಜಾಯಮಾನ ಕಾಕಾನದಲ್ಲ. ಅಂಗಡಿಗೆ ಯಾರಾದರೂ ಬಂದು "ಏನ್ರಿ ಸಾವುಕಾರ್ರ, ಪೆಟ್ರೋಲ್ ಮತ್ತ ಏರೇತಂತಲ್ಲ?" ಎಂದರೆ ಮುಗಿಯಿತು. ಗಲ್ಲೆಪೆಟ್ಟಿಗೆಯ ಮೇಲೆ ಭಾಂಡೆಗಳು ಸಾಲಾಗಿ ಕೂರುತ್ತಿದ್ದವು. ದೊಡ್ಡ ತಾಮ್ರದ ಕೊಡ ಅರಬಸ್ತಾನ. ಜಾಲರಿಯೇ ಎಣ್ಣೆ ಶುದ್ಧ ಮಾಡುವ ಕಾರ್ಖಾನೆ. ಹಿತ್ತಾಳೆಯ ತಂಬಿಗೆ ದಿಲ್ಲಿ, ಅದು ತನ್ನ ಸುಂಕ ತೆಗೆದುಕೊಳ್ಳುತ್ತದೆ. ಸ್ಟೀಲಿನ ವಾಟಗಾ, ಅಂದರೆ ಬಟ್ಟಲು, ಬೆಂಗಳೂರು, ಅದು ತನ್ನ ತೆರಿಗೆ ತೆಗೆದುಕೊಳ್ಳುತ್ತದೆ. ಕೊಡದಿಂದ ನೀರು ಸುರಿದು, ಸೋಸಿ, ತಂಬಿಗೆಗೆ ಒಂದಷ್ಟು, ವಾಟಗಾಕ್ಕೆ ಒಂದಷ್ಟು ಹಾಕಿ, ಕಡೆಗೆ ಉಳಿದ ಗುಟುಕನ್ನು ಗಿರಾಕಿಯ ಅಂಗೈಗೆ ಹನಿಸಿ, "ಇದು ನಿಮ್ಮ ಪಾಲಿನ ಪೆಟ್ರೋಲ್. ಉಳಿದಿದ್ದಕ್ಕೆಲ್ಲ ನೀವು ಬರೇ ರೊಕ್ಕಾ ಕೊಟ್ರಿ" ಎನ್ನುತ್ತಿದ್ದರು.

ಒಮ್ಮೆ ದೇಗಾಂವದ ಕಡೆಯ ಹೆಣ್ಣುಮಗಳೊಬ್ಬಳು ಮಗಳ ಮದುವೆಗೆ ಭಾಂಡೆ ಕೊಳ್ಳಲು ಬಂದಿದ್ದಳು. ಪಾಠ ಪೂರ್ತಿ ಕೇಳಿದಳು. ತಲೆದೂಗಿದಳು. ಕಾಕಾನಿಗೆ ಇಂಥ ಶಿಷ್ಯೆ ಸಿಕ್ಕಿದ್ದೇ ಅಪರೂಪ. "ಏನರೆ ಕೇಳೂದು ಐತೇನವಾ?" ಎಂದರು.

"ಹೂನ್ರಿ. ಆ ದಿಲ್ಲಿ ಎಷ್ಟಕ್ಕ ಕೊಡ್ತೀರಿ? ಬಗಲಾಗ ಸ್ವಲ್ಪ ನೆಗ್ಗೇತಿ, ನೋಡಿ ಹೇಳ್ರಿ."

ದಿಲ್ಲಿ ಆ ದಿನ ರಿಯಾಯಿತಿಯಲ್ಲಿ ಮಾರಾಟವಾಯಿತು. ಮಧ್ಯಾಹ್ನದ ನಂತರ ಬಂದ ಗಿರಾಕಿಗಳಿಗೆ ಸುಂಕವಿಲ್ಲದ ಪಾಠವೇ ಸಿಕ್ಕಿತು.

ಆ ಕಾಲದಲ್ಲಿ ಬೆಲೆಗಳನ್ನೆಲ್ಲ ಸರಕಾರವೇ ಕಟ್ಟುತ್ತಿತ್ತು. ಪೆಟ್ರೋಲ್ ತುಟ್ಟಿ, ಚಿಮಣಿ ಎಣ್ಣೆ ಅಂದರೆ ಸೀಮೆಎಣ್ಣೆ ಸೋವಿ. ಗಾಡಿ ಇದ್ದವರಿಂದ ಹೆಚ್ಚು ತೆಗೆದುಕೊಂಡು ಒಲೆ ಹಚ್ಚುವವರಿಗೆ ಕಡಿಮೆಗೆ ಕೊಡುವುದು ಅದರ ಲೆಕ್ಕಾಚಾರ. ಇದು ತಿಳಿದ ದಿನ ಕಾಕಾ ನೇರ ಅಡುಗೆಮನೆಗೆ ಹೋಗಿ, ಭರ್ ಎಂದು ಉರಿಯುತ್ತಿದ್ದ ಸ್ಟೋವಿನ ಮುಂದೆ ನಿಂತರು.

"ಇದು ಉರಿಯೂದು ನನ್ನ ಸ್ಕೂಟರಿನ ಆಸರದ ಮ್ಯಾಲ. ಗೊತ್ತೈತಿಲ್ಲೋ ನಿನಗ?"

ಕಾಕಿ ಚಹಾದ ಪಾತ್ರೆಯಿಂದ ಕಣ್ಣು ಎತ್ತಲಿಲ್ಲ. "ಹಂಗಾರ ಇನ್ನ ಮುಂದ ಚಾ ಬಂಕಿನಾಗ ಕುಡದ ಬರ್ರಿ," ಎಂದು ಸ್ಟೋವಿನ ಗಾಳಿ ಬಿಟ್ಟಳು.

ಉರಿ ಆರಿತು. ಸಂಜೆ ನಾಲ್ಕರವರೆಗೆ ಕಾಕಾ ಚಹಾ ಇಲ್ಲದೆ ಇದ್ದರು. ನಾಲ್ಕಕ್ಕೆ ಒಳಗೆ ಬಂದು, ಬಡವರ ಒಲೆಗೆ ರಿಯಾಯಿತಿ ಕೊಡುವ ಸರಕಾರದ ಧೋರಣೆ ತತ್ತ್ವಶಃ ಸರಿ ಎಂದು ಘೋಷಿಸಿದರು. ಸ್ಟೋವಿಗೆ ಮತ್ತೆ ಗಾಳಿ ಬಿತ್ತು.

ಮುಂದೆ ಎರಡು ಸಾವಿರದ ಎರಡರಲ್ಲಿ, ಇನ್ನು ಬೆಲೆಯನ್ನು ನಾವು ಕಟ್ಟುವುದಿಲ್ಲ, ಮಾರುಕಟ್ಟೆಗೆ ಬಿಟ್ಟಿದ್ದೇವೆ ಎಂದು ಸರಕಾರ ಹೇಳಿತು. ಕಾಕಾ ನಂಬಲಿಲ್ಲ. "ಆಕಳಾ ಬಿಟ್ಟೇವಿ ಅಂತಾರ, ಹಗ್ಗಾ ನೋಡಿದ್ರ ಕೈಯಾಗ ಐತಿ. ಎಲೆಕ್ಷನ್ ಬರಲಿ, ನೋಡ್ರಿ," ಎಂದರು. ಎಲೆಕ್ಷನ್ ಬಂತು. ಹೊರದೇಶದಲ್ಲಿ ಎಣ್ಣೆ ಏರುತ್ತಿದ್ದರೂ ನಮ್ಮ ಬಂಕಿನಲ್ಲಿ ಬೆಲೆ ಗಪ್ಪಾಗಿ ಕೂತಿತು. ಮುಗಿದ ಮೇಲೆ ಎದ್ದಿತು. ತಮ್ಮ ಮಾತು ನಿಜವಾದ ಸಂತೋಷಕ್ಕೆ ಕಾಕಾ ಅಂದು ಬಂಕಿಗೆ ಹೋಗಿ, ಏರಿದ ಬೆಲೆಯಲ್ಲೇ ಪೆಟ್ರೋಲ್ ಹಾಕಿಸಿಕೊಂಡು ಬಂದರು. ಇಂಥ ಗಿರಾಕಿ ಎಲ್ಲಿ ಸಿಕ್ಕಾರು!

ಆದರೆ ಬರೇ ಉಳಿಸಿದರೆ ಸಾಲದು, ದೇಶದೊಳಗೇ ಎಣ್ಣೆ ಹುಡುಕಬೇಕು ಎಂಬ ವಿಚಾರ ಅವರ ತಲೆ ಹೊಕ್ಕಿತ್ತು. ಸಂಗೊಳ್ಳಿಯಲ್ಲಿ ನಮ್ಮ ಹೊಲ. ಒಂದು ದಿನ ಹೊಲದ ಬದುವಿನ ಕೆಳಗೆ ನಿಂತ ನೀರಿನ ಮೇಲೆ ಕಾಮನಬಿಲ್ಲಿನ ಬಣ್ಣ ತೇಲುತ್ತಿದ್ದುದು ಕಾಕಾನ ಕಣ್ಣಿಗೆ ಬಿತ್ತು. ಬೆರಳು ಅದ್ದಿದರು, ಮೂಸಿದರು. ಎಣ್ಣೆ! ಅಪ್ಪನನ್ನು ಕರೆದು, "ಅಣ್ಣಾ, ಇನ್ನ ಮ್ಯಾಲೆ ಇಲ್ಲಿ ಜ್ವಾಳಾ ಬಿತ್ತಬ್ಯಾಡ," ಎಂದರು.

ಎರಡು ದಿನ ಆಳು ಹಚ್ಚಿ ತೋಡಿಸಿದರು. ಎದೆಮಟ್ಟದ ಗುಂಡಿಯಾಯಿತು. ಮೂರನೆಯ ದಿನ ಪಕ್ಕದ ಹೊಲದವರು ಬಂದು, ಗುಂಡಿಯನ್ನೂ ಕಾಕಾನನ್ನೂ ಬಹಳ ಹೊತ್ತು ನೋಡಿ, "ಅದು ನಮ್ಮ ಡೀಸೆಲ್ ಎಂಜಿನ್ ಸೋರಾಕತ್ತೇತ್ರಿ. ರಿಪೇರಿ ಮಾಡಸಬೇಕು ಅಂತಿದ್ದೆ, ಆಗಿರಲಿಲ್ಲ," ಎಂದರು.

ಕಾಕಾ ಗುಂಡಿಯಿಂದ ಮೇಲೆ ಬಂದರು. ಧೋತರ ಝಾಡಿಸಿಕೊಂಡರು. "ಸೋರೂದನ್ನ ಹುಡುಕೂದೂ ಎಣ್ಣಿ ಹುಡುಕಿದಂಗ," ಎಂದು ಹೇಳಿ ತಾವೇ ಮೇಸ್ತ್ರಿಯನ್ನು ಕರೆತಂದು ಎಂಜಿನ್ ಸರಿ ಮಾಡಿಸಿಕೊಟ್ಟರು. ಇಡೀ ತಾಲೂಕಿನಲ್ಲಿ ಇಂದಿನವರೆಗೆ ಪತ್ತೆಯಾದ ಎಣ್ಣೆ ಅದೊಂದೇ.

ಗುಂಡಿ ತೋಡಿಸಿದ ಆ ವರ್ಷ ನಾನು ಬಿ.ಎಡ್. ಮುಗಿಸಿ ಎರಡು ವರ್ಷದಿಂದ ಮನೆಯಲ್ಲಿ ಕೂತಿದ್ದೆ. ನಾಲ್ಕೈದು ಇಂಟರ್‌ವ್ಯೂ ಕೊಟ್ಟು ಬರಿಗೈಯಲ್ಲಿ ಬಂದಿದ್ದೆ. ಆಗ ರಾಮದುರ್ಗದ ಒಂದು ಹೈಸ್ಕೂಲಿನಿಂದ ಪತ್ರ ಬಂತು. "ಇದೊಂದು ನೋಡಿಬಿಡು. ಆಗಲಿಲ್ಲಂದ್ರ ನೌಕರಿ ಮಾತು ಸಾಕು," ಎಂದರು ಅಪ್ಪ. ಸರಿಯಾಗಿ ಇಂಟರ್‌ವ್ಯೂ ದಿನವೇ, ಪೆಟ್ರೋಲ್ ಬೆಲೆ ಏರಿದ್ದನ್ನು ಖಂಡಿಸಿ ಬಂದ್! ಬಸ್ಸಿಲ್ಲ, ಬಂಕಿಲ್ಲ. ಹಿಂದಿನ ದಿನವೇ ಶಾಲೆಗೆ ಫೋನ್ ಮಾಡಿದರೆ, ಇಂಟರ್‌ವ್ಯೂ ಮುಂದೆ ಹಾಕುವುದಿಲ್ಲ, ಬರುವವರು ಬರುತ್ತಾರೆ ಎಂದರು.

ಬೆಳಿಗ್ಗೆ ಆರಕ್ಕೆ ಕಾಕಾ ಬಾಗಿಲಲ್ಲಿ ಸ್ಕೂಟರ್ ತಂದು ನಿಲ್ಲಿಸಿದರು.

"ಹತ್ತು ಯವ್ವಾ. ಲೆಕ್ಕಾ ಹಾಕೇನಿ, ರಾಮದುರ್ಗ ಮುಟ್ಟೂಮಟಾ ಪೆಟ್ರೋಲ್ ಐತಿ. ಸಂಜೀಕ ಬಂಕ್ ತೆರೀತಾವ, ಅಲ್ಲೇ ಹಾಕಿಸ್ಕೊಂಡ ಬರೂನು."

ಮುನವಳ್ಳಿಯ ಹತ್ತಿರ ರಸ್ತೆಗೆ ಅಡ್ಡಲಾಗಿ ಟಾಯರ್ ಉರಿಯುತ್ತಿದ್ದವು. ಹತ್ತಾರು ಜನ ನಿಂತಿದ್ದರು. "ವಾಪಸ್ ಹೋಗ್ರಿ ಕಾಕಾ. ಪೆಟ್ರೋಲ್ ದರಾ ಇಳೀಲಿ ಅಂತ ನಿಮ್ಮ ಸಲುವಾಗೇ ಮಾಡಾಕತ್ತೇವಿ," ಎಂದ ಅವರಲ್ಲೊಬ್ಬ.

ಸುಮ್ಮನೆ ಕೈಮುಗಿದು ಹುಡುಗಿಯ ಇಂಟರ್‌ವ್ಯೂ ಇದೆ ಎಂದಿದ್ದರೆ ಬಿಡುತ್ತಿದ್ದರೋ ಏನೋ. ಕಾಕಾ ಸ್ಕೂಟರಿಗೆ ಸ್ಟ್ಯಾಂಡ್ ಹಾಕಿದರು. "ತಮ್ಮಾ, ಟಾಯರ್ ಮಾಡೂದೂ ಅದ ಎಣ್ಣಿಯಿಂದನ. ನೀವು ಸುಟ್ಟಷ್ಟೂ ದರಾ ಏರತೈತಿ, ಇಳಿಯೂದಿಲ್ಲ," ಎಂದು ಶುರು ಮಾಡಿದರು.

ನಮ್ಮನ್ನು ಹಿಂದಕ್ಕೆ ಕಳಿಸಿದರು. ಸವದತ್ತಿಯ ಮೇಲೆ ಸುತ್ತು ಹೊಡೆದು ಹೋಗಬೇಕಾಯಿತು. ಕಾಕಾನ ಲೆಕ್ಕದಲ್ಲಿ ಸುತ್ತು ಇರಲಿಲ್ಲ. ರಾಮದುರ್ಗ ಇನ್ನೂ ಏಳೆಂಟು ಮೈಲು ಇರುವಾಗ ಸ್ಕೂಟರ್ ಕೆಮ್ಮಿತು. ತಳದ ಪೆಟ್ರೋಲ್ ಇಳಿಯಲೆಂದು ಅದನ್ನು ನೆಲಕ್ಕೆ ಮಲಗಿಸಿ ಎಬ್ಬಿಸಿದರು, ಒಂದು ಫರ್ಲಾಂಗು ಹೋಯಿತು. ಮತ್ತೆ ಮಲಗಿಸಿದರು, ಅರ್ಧ ಫರ್ಲಾಂಗು. ಆಮೇಲೆ ಅದು ಮಲಗಿದ್ದೇ ಬಂತು. ಗಂಟೆ ಹತ್ತಾಗಿತ್ತು, ಇಂಟರ್‌ವ್ಯೂ ಹನ್ನೊಂದಕ್ಕೆ. ಮೇ ತಿಂಗಳ ಬಿಸಿಲು. ನಾನು ಅಳತೊಡಗಿದೆ.

ಅಷ್ಟರಲ್ಲಿ ಟ್ರೇಲರ್ ಇಲ್ಲದ ಒಂದು ಟ್ರ್ಯಾಕ್ಟರ್ ಬಂತು. ಕಾಕಾ ರಸ್ತೆಯ ನಡುವೆ ನಿಂತು ತಡೆದರು. ಚಾಲಕ ಒಳ್ಳೆಯವನು. "ಒಬ್ಬರು ಕುಂಡ್ರಬಹುದ್ರಿ. ಬೇಕಾರ ನಿಮ್ಮ ಗಾಡಿಗೆ ಸ್ವಲ್ಪ ಡೀಸೆಲ್ ಕೊಡ್ಲೇನ್ರಿ?" ಎಂದ.

"ಇದರ ಹೊಟ್ಟಿಗೆ ಅದು ಆಗಿಬರೂದಿಲ್ಲಪಾ," ಎಂದು ಕಾಕಾ ನನ್ನನ್ನು ಗಾಲಿಯ ಮೇಲಿನ ಮಡ್‌ಗಾರ್ಡಿಗೆ ಹತ್ತಿಸಿದರು. "ಫೈಲ್ ಎದಿಗೆ ಅವಚಿ ಹಿಡಿ. ಕೆಳಗ ನೋಡಬ್ಯಾಡ. ಕೇಳಿದ್ದು ಗೊತ್ತಿಲ್ಲಂದ್ರ ಗೊತ್ತಿಲ್ಲ ಅನ್ನು, ನನ್ನಂಗ ಭಾಷಣಾ ಮಾಡಬ್ಯಾಡ."

ತಿರುಗಿ ನೋಡಿದೆ. ಕಾಕಾ ಹ್ಯಾಂಡಲ್ ಹಿಡಿದು ಸ್ಕೂಟರ್ ದಬ್ಬುತ್ತ ಬರುತ್ತಿದ್ದರು. ನೋಡುತ್ತಿದ್ದಂತೆ ಸಣ್ಣವರಾದರು, ಚುಕ್ಕೆಯಾದರು.

ಐದೇ ನಿಮಿಷ ಇರುವಾಗ ಶಾಲೆ ಮುಟ್ಟಿದೆ. ಏನು ಕೇಳಿದರೋ, ಏನು ಹೇಳಿದೆನೋ! ಎರಡು ಕಡೆ ಗೊತ್ತಿಲ್ಲ ಎಂದದ್ದು ಮಾತ್ರ ನೆನಪಿದೆ. ಮೂರು ಗಂಟೆಗೆ ಹೆಡ್‌ಮಾಸ್ತರರು ಕರೆದು, "ಜೂನ್ ಒಂದಕ್ಕ ಬಂದು ಹಾಜರಾಗ್ರಿ," ಎಂದರು.

ಓಡುತ್ತ ಗೇಟಿಗೆ ಬಂದೆ. ಕಾಕಾ ಇರಲಿಲ್ಲ. ರಸ್ತೆಯುದ್ದಕ್ಕೂ ನೋಡಿದೆ, ಯಾರೂ ಇಲ್ಲ. ಬಿಸಿಲಿಗೆ ಎಲ್ಲಿ ಬಿದ್ದರೋ ಎಂದು ಮತ್ತೆ ಒಳಗೆ ಓಡಿದೆ. ಶಾಲೆಯ ಜವಾನ ನನ್ನ ಗಾಬರಿ ನೋಡಿ, "ಒಬ್ಬರು ಹಿರಿಯಾರು ಬಂದು ತಾಸ ಮ್ಯಾಲಾತ್ರಿ. ಒಳಗ ಬರ್ರಿ ಅಂದ್ರ ಬರಲಿಲ್ಲ. ನೀರು ಕುಡದು ಹಿತ್ತಲ ಕಡೆ ಹ್ವಾದ್ರು," ಎಂದ.

ಕಂಪೌಂಡಿನ ಹಿಂದೆ, ಸ್ಕೂಟರ್ ಪಕ್ಕಕ್ಕೆ ನಿಲ್ಲಿಸಿ, ಗೋಡೆಯ ಗೇಣು ನೆರಳಿನಲ್ಲಿ ಕಾಕಾ ಕೂತಿದ್ದರು. ಅಂಗಿ ಬೆವರಿಗೆ ಮೈಗೆ ಅಂಟಿತ್ತು, ಧೋತರಕ್ಕೆ ಗ್ರೀಸ್ ಮೆತ್ತಿತ್ತು. ಒಂದು ಚಪ್ಪಲಿಯ ಹೆಬ್ಬೆರಳ ಉಂಗುಷ್ಟ ಕಿತ್ತುಹೋಗಿತ್ತು. ಆ ಕಾಲಿನ ಹಿಮ್ಮಡಿಯ ಮೇಲೆ ಬೊಬ್ಬೆ ಎದ್ದು ಒಡೆದಿತ್ತು.

"ಆತು ಕಾಕಾ. ನೌಕರಿ ಆತು," ಎಂದೆ. "ಇಲ್ಲಿ ಯಾಕ ಕುಂತೀರಿ? ಗೇಟಿನಾಗ ನಿಂದರಬಾರದಾಗಿತ್ತ?"

ಕಾಕಾ ಅಂಗಿಯ ಗುಂಡಿ ಸರಿಪಡಿಸಿಕೊಂಡರು. "ಈ ಅವತಾರದಾಗ ಹೆಂಗ ನಿಂದರಲಿ? ಇಂಥಾವರ ಮನಿ ಹುಡುಗಿ ಅಂತ ಅವರು ಹಿಂದಮುಂದ ನೋಡಿದ್ರ? ನಿನ್ನ ಕೆಲಸಾ ಆಗೂಮಟಾ ನಾ ಕಾಣಬಾರದು ಅಂತ ಕುಂತೆ."

ಅವರ ಕೈ ಹಿಡಿದೆ. ಬೇಡಬೇಡ ಎಂದರೂ ಬಿಡದೆ ನೇರವಾಗಿ ಹೆಡ್‌ಮಾಸ್ತರರ ಕೋಣೆಗೆ ಕರೆದೊಯ್ದೆ.

"ಸರ್, ಇವರು ನಮ್ಮ ಕಾಕಾ."

ಹೆಡ್‌ಮಾಸ್ತರರು ಕಾಕಾನ ಮುಖ ನೋಡಿದರು, ಆಮೇಲೆ ಕಾಲು ನೋಡಿದರು. ಎದ್ದು ನಿಂತು ತಮ್ಮ ಕುರ್ಚಿಯನ್ನೇ ಅವರ ಕಡೆ ಸರಿಸಿದರು. "ಬೈಲಹೊಂಗಲದಿಂದೇನ್ರಿ? ಇಂಥಾ ದಿನ ಹೆಂಗ ಬಂದ್ರಿ?"

"ಆರಾಮ ಬಂದ್ವಿರಿ, ಸರ್," ಎಂದರು ಕಾಕಾ. ಕುರ್ಚಿಯ ತುದಿಗೆ ಕೂತು, ದನಿ ತಗ್ಗಿಸಿ ಹೇಳಿದರು:

"ನಮ್ಮ ಹುಡುಗಿಗೆ ಬಿಸಲಾಗ ನಿಂತು ರೂಢಿ ಇಲ್ರಿ. ಮೈದಾನದ ಕೆಲಸಾ ಸ್ವಲ್ಪ ನೋಡಿ ಹಚ್ರಿ."