ಅಪ್ಪ ಹಿಡಿದ ಫಾರಂನಲ್ಲಿ ಮಗಳ ಹೆಸರು

ಹಾಗೆ ನೋಡಿದರೆ ಇಡೀ ಕೂಡ್ಲಿಗಿಯಲ್ಲಿ ಮಕ್ಕಳಿಗೆ ಪಾಠ ಹೇಳುವ ಯೋಗ್ಯತೆ ನನಗಿಂತ ಹೆಚ್ಚಾಗಿ ಇನ್ಯಾರಿಗಿತ್ತು? ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಹದಿನಾಲ್ಕು ವರ್ಷ ಸೀಮೆಸುಣ್ಣ ಸವೆಸಿದವನು ನಾನು. ಮಗ್ಗಿ ತಪ್ಪಿದವರನ್ನು ತಿದ್ದಿದ್ದೇನೆ. ಕಾಗುಣಿತಕ್ಕೆ ಹೆದರಿ ಓಡಿದವರನ್ನು ಶೇಂಗಾ ಹೊಲದಿಂದ ಹಿಡಿದು ತಂದಿದ್ದೇನೆ. ಅಂಥವನಿಗೆ ಒಬ್ಬಳೇ ಮಗಳು ಕರುಣಾಳಿಗೆ ಮನೆಯಲ್ಲೇ ವಿದ್ಯೆ ಕೊಡುವುದು ಒಂದು ದೊಡ್ಡ ಕೆಲಸವೇ?

ಈ ವಿಚಾರ ತಲೆಗೆ ಹೊಕ್ಕಿದ್ದು ಹರಪನಹಳ್ಳಿಯಲ್ಲಿ. ಬೇಸಿಗೆ ರಜೆಯಲ್ಲಿ ಅಲ್ಲಿ ಮೂರು ದಿನ ಕ್ರೈಸ್ತ ಕುಟುಂಬಗಳ ಶಿಬಿರ ನಡೆದಿತ್ತು. ದೂರದಿಂದ ಬಂದ ಬೋಧಕರೊಬ್ಬರು ಕಡೆಯ ದಿನ ಕೇಳಿದರು: "ದೇವರು ನಿಮ್ಮ ಕೈಗೆ ಕೊಟ್ಟ ಮಗುವನ್ನು ನೀವು ದಿನಕ್ಕೆ ಆರು ತಾಸು ಯಾರ ಕೈಗೆ ಕೊಡುತ್ತಿದ್ದೀರಿ?"

ಊರ ಮಂದಿ ತಮ್ಮ ಮಕ್ಕಳನ್ನು ದಿನಕ್ಕೆ ಆರು ತಾಸು ಕೊಡುವುದು ನನ್ನ ಕೈಗೇ ಎಂಬುದು ಆ ಕ್ಷಣದಲ್ಲಿ ನೆನಪಾಗಲಿಲ್ಲ. ಕಣ್ಣು ತುಂಬಿ ಬಂತು. ಯಾರು ತೀರ್ಮಾನ ಮಾಡುತ್ತೀರಿ, ಕೈ ಎತ್ತಿ ಎಂದರು. ನಾನು ಎರಡೂ ಕೈ ಎತ್ತಿದೆ! ಪಕ್ಕದಲ್ಲಿದ್ದ ಹೆಂಡತಿ ಎಸ್ತರ್ ಒಂದನ್ನು ಹಿಡಿದು ಕೆಳಗೆ ಎಳೆದಳು. ಇನ್ನೊಂದು ಅವಳಿಗೆ ಎಟುಕಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ನನ್ನ ನಿರ್ಧಾರವನ್ನು ಗಂಭೀರವಾಗಿ ಪ್ರಕಟಿಸಿದೆ. ಜೂನ್‌ನಿಂದ ಕರುಣಾ ನಾಲ್ಕನೇ ತರಗತಿಯನ್ನು ಮನೆಯಲ್ಲೇ ಓದತಕ್ಕದ್ದು.

"ಹಗಲೆಲ್ಲಾ ನೀವು ನಿಮ್ಮ ಸಾಲ್ಯಾಗ ಇರ್ತೀರಿ. ಈಕಿಗೆ ಹೇಳಿಕೊಡಾರು ಯಾರು?" ಅಂದಳು ಎಸ್ತರ್.

"ತಾಯಿಯೇ ಮೊದಲ ಗುರು ಅಲ್ಲವೇ?"

"ಅಂದ್ರ ನಾನು. ಅದನ್ನ ನೇರ ಹೇಳ್ರಿ, ಯಾಕ ಸುತ್ತಿಸಿ ಹೇಳ್ತೀರಿ?"

ಎಸ್ತರ್ ಮನೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡು ರವಿಕೆ ಹೊಲಿಯುತ್ತಿದ್ದಳು. ಅವಳದು ಕೂತು ಮಾಡುವ ಕೆಲಸ, ಬಾಯಿ ಖಾಲಿ ಇರುತ್ತದೆ, ಪಾಠ ಹೇಳಬಹುದು ಎಂದು ನನ್ನ ಎಣಿಕೆ. ಇದನ್ನು ಬಾಯಿಬಿಟ್ಟು ಹೇಳಿದ್ದು ನನ್ನ ಮೊದಲ ತಪ್ಪು. ಕೂಡ್ಲಿಗಿ ಬರುವ ತನಕ ಅವಳು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು.

ಕೆಂಪು, ನೀಲಿ ಮಸಿಯಲ್ಲಿ ವೇಳಾಪಟ್ಟಿ ಬರೆದು ಗೋಡೆಗೆ ಹಚ್ಚಿದೆ. ಬೆಳಿಗ್ಗೆ ಐದಕ್ಕೆ ಕುಟುಂಬ ಪ್ರಾರ್ಥನೆ, ಆರಕ್ಕೆ ಗಣಿತ, ಏಳಕ್ಕೆ ಕನ್ನಡ. ಹಗಲೆಲ್ಲಾ ತಾಯಿಯ ಬಳಿ ಅಭ್ಯಾಸ. ಸಂಜೆ ನನ್ನಿಂದ ಪರೀಕ್ಷೆ.

ಮೊದಲ ದಿನ ಐದಕ್ಕೆ ಮೂವರೂ ಮೊಣಕಾಲೂರಿದೆವು. ಮನೆಯೊಡೆಯನಾಗಿ ನಾನೇ ಪ್ರಾರ್ಥನೆ ಶುರು ಮಾಡಿದೆ. ದೇಶಕ್ಕಾಗಿ ಬೇಡಿದೆ, ಊರಿಗಾಗಿ ಬೇಡಿದೆ, ಮಳೆಗಾಗಿ ಬೇಡುತ್ತಿದ್ದೆ. ಯಾರೋ ಭುಜ ಅಲ್ಲಾಡಿಸಿದರು. ಕಣ್ಣು ಬಿಟ್ಟರೆ ಕರುಣಾ!

"ಪಪ್ಪಾ, ಆಮೆನ್ ನಾನs ಹೇಳೀನಿ. ಏಳೂವರಿ ಆತು, ಏಳ್ರಿ."

ಗಣಿತವೂ ಹೋಯಿತು, ಕನ್ನಡವೂ ಹೋಯಿತು.

ಸಂಜೆಯ ಪರೀಕ್ಷೆಯಾದರೂ ನಡೆಯಲಿ ಎಂದು ಕುರ್ಚಿ ಹಾಕಿಕೊಂಡು ಕೂತೆ. "ಇವತ್ತು ಏನೇನು ಕಲಿತೆ, ಹೇಳು ಮಗಳೇ."

"ತೋಳು ಹನ್ನೊಂದು, ಎದಿ ಮೂವತ್ತಾರು. ಕೊಟ್ರಮ್ಮಜ್ಜಿ ಸೊಸಿ ಸಿಟ್ಟು ಮಾಡ್ಕೊಂಡು ತವರುಮನಿಗೆ, ಇಟ್ಟಿಗಿ ಊರಿಗೆ ಹೋಗ್ಯಾಳ. ಈ ಸಲ ತಾನs ಹೋಗಿ ಕರಿಯಂಗಿಲ್ಲ ಅಂತಾಳ ಅಜ್ಜಿ."

ಕೊಟ್ರಮ್ಮ ಅಂದರೆ ನಮ್ಮ ಪಕ್ಕದ ಮನೆಯವರು. ರಸ್ತೆಗೆ ಮುಖ ಮಾಡಿ ಕಿರಾಣಿ ಅಂಗಡಿ ಇಟ್ಟವರು. ಹಗಲೆಲ್ಲಾ ನಮ್ಮ ಮನೆಯ ಹೊಲಿಗೆ ಯಂತ್ರದ ಪಕ್ಕ ಕೂರುವವರು. ಒಟ್ಟಿನಲ್ಲಿ ಮಗಳು ಕಲಿತಿರಲಿಲ್ಲ ಅನ್ನುವ ಹಾಗಿಲ್ಲ. ನಾಲ್ಕನೇ ತರಗತಿಗೆ ಅದು ಸ್ವಲ್ಪ ಮುಂದಿನ ಪಾಠ, ಅಷ್ಟೆ.

ನಾಲ್ಕು ಗೋಡೆಯೊಳಗೆ ವಿದ್ಯೆ ಬಾರದು, ಬಯಲಿಗೆ ಕರೆದೊಯ್ಯಬೇಕು ಎಂದು ತೀರ್ಮಾನಿಸಿದೆ. ಬೈಬಲಿನಲ್ಲಿ ಬರುವ ಜಲಪ್ರಳಯದ ಕಾಲದ ಹಡಗು ಮುನ್ನೂರು ಮೊಳ ಉದ್ದ, ಐವತ್ತು ಮೊಳ ಅಗಲ ಇತ್ತೆಂದು ಕರುಣಾ ಚರ್ಚಿನ ಭಾನುವಾರದ ಪಾಠದಲ್ಲಿ ಕೇಳಿದ್ದಳು. ಅಷ್ಟು ದೊಡ್ಡದು ಅಂದರೆ ಎಷ್ಟು ಎಂದು ಕೇಳುತ್ತಲೇ ಇದ್ದಳು. ಗಣಿತ, ಭಕ್ತಿ ಎರಡೂ ಒಂದೇ ಏಟಿಗೆ! ಶನಿವಾರ ಮಧ್ಯಾಹ್ನ ಎಸ್ತರಳ ಅಳತೆ ಟೇಪು, ಒಂದು ಡಬ್ಬಿ ಸುಣ್ಣದ ಪುಡಿ ಹಿಡಿದು ನಮ್ಮ ರಸ್ತೆಯಲ್ಲಿ ಹಡಗು ಅಳೆಯಲು ಹೊರಟೆವು.

ಮೊಳಕ್ಕೆ ಒಂದೂವರೆ ಅಡಿ ಎಂದು ಹಿಡಿದು, ಹತ್ತು ಮೊಳಕ್ಕೊಂದು ಸುಣ್ಣದ ಗೆರೆ ಹಾಕುತ್ತಾ ಹೋದೆವು. ಹಡಗು ಹಿಟ್ಟಿನ ಗಿರಣಿ ದಾಟಿತು, ಸೈಕಲ್ ಶಾಪು ದಾಟಿತು. ಉದ್ದ ಮುಗಿಸಿ ಅಗಲ ಅಳೆಯಲು ನಮ್ಮ ಮನೆಯ ಕಡೆಗೆ ವಾಪಸು ಬಂದರೆ ಅದು ರಸ್ತೆಯಲ್ಲಿ ಹಿಡಿಸದೆ ಕೊಟ್ರಮ್ಮನ ಅಂಗಡಿಯೊಳಗೆ ನುಗ್ಗಿತು. ನಾನು ಅವರ ಬೆಲ್ಲದ ಚೀಲದ ಮುಂದೆ ಒಂದು ಗೆರೆ ಎಳೆದೆ.

ಆ ದಿನಗಳಲ್ಲಿ ರಸ್ತೆ ಅಗಲ ಮಾಡುತ್ತಾರೆಂಬ ಗಾಳಿಸುದ್ದಿ ಊರಲ್ಲಿ ಓಡಾಡುತ್ತಿತ್ತು. ಅದು ನನಗೆ ಆಗ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

"ಮೇಷ್ಟ್ರs, ನಮ್ಮ ಅಂಗಡಿ ಇಷ್ಟೂ ಹೋಗ್ತೈತೇನ್ರೀ?" ಎಂದು ಕೊಟ್ರಮ್ಮ ಎದೆ ಹಿಡಿದುಕೊಂಡು ಎದ್ದು ನಿಂತರು.

"ಪೂರ್ತಿ ಹೋಗುತ್ತೆ. ಹಿಂದಿನ ಅಡುಗೆಮನೆಯೂ ಒಳಗೇ ಬರುತ್ತೆ," ಅಂದೆ ನಾನು, ಹಡಗಿನ ಗುಂಗಿನಲ್ಲಿ.

ಐದೇ ನಿಮಿಷ! ಗಿರಣಿಯವನು ಗಿರಣಿ ನಿಲ್ಲಿಸಿ ಬಂದ. ಸೈಕಲ್ ಶಾಪಿನವನು ಪಂಪು ಹಿಡಿದುಕೊಂಡೇ ಬಂದ. ಮೂವತ್ತು ಮಂದಿ ನನ್ನನ್ನು ಸುತ್ತುವರಿದರು. "ಸರ್ಕಾರದ ಮಂದಿ ನಿಮ್ಮನ್ನs ಯಾಕ ಹಚ್ಯಾರ?" ಎಂದು ಒಬ್ಬ, "ನಿಮ್ಮ ಮನಿ ಬಿಟ್ಟು ಗೆರಿ ಹಾಕೀರಲ್ಲ, ಇದೇನು ನ್ಯಾಯ?" ಎಂದು ಇನ್ನೊಬ್ಬ.

"ಇದು ರಸ್ತೆ ಅಲ್ಲ, ಹಡಗು!" ಎಂದು ನಾನು ಕೂಗಿದೆ.

ಸಮುದ್ರವೇ ಇಲ್ಲದ ತಾಲ್ಲೂಕಿನಲ್ಲಿ ಈ ಮಾತನ್ನು ಯಾರು ನಂಬುತ್ತಾರೆ? ಕಡೆಗೆ ಕರುಣಾ ಬೆಲ್ಲದ ಚೀಲದ ಮೇಲೆ ಹತ್ತಿ ನಿಂತು ಪ್ರಳಯದ ಕಥೆಯನ್ನು ಮೊದಲಿಂದ ಕೊನೆವರೆಗೆ ಹೇಳಿದಳು. ಜನ ನಕ್ಕು ಚದುರಿದರು. ಕೊಟ್ರಮ್ಮ ಮಾತ್ರ ಹೋಗಲಿಲ್ಲ.

"ಅಲ್ಲ್ರಿ ಮೇಷ್ಟ್ರs, ಇಷ್ಟು ಚಂದ ಮಾತಾಡೋ ಕೂಸನ್ನ ಸಾಲಿ ಬಿಡಿಸಿ ಮನ್ಯಾಗ ಕೂಡಿಸೀರಿ. ಏನು ತಪ್ಪು ಮಾಡ್ಯಾಳ ಪಾಪ?"

ಆ ಪ್ರಶ್ನೆಗೆ ಉತ್ತರ ಹುಡುಕುವ ಮೊದಲೇ ನನ್ನ ಮೇಲೆ ಇನ್ನೊಂದು ಕಲ್ಲು ಬಿತ್ತು. ಶಾಲೆ ಬಿಟ್ಟ ಮಕ್ಕಳ ಸಮೀಕ್ಷೆ! ಮನೆಮನೆಗೆ ಹೋಗಿ, ಶಾಲೆಗೆ ಬಾರದ ಮಕ್ಕಳನ್ನು ಪತ್ತೆ ಹಚ್ಚಿ, ಹೆತ್ತವರ ಮನ ಒಲಿಸಿ ಕರೆತರಬೇಕೆಂದು ಶಿಕ್ಷಕರಿಗೆಲ್ಲ ಆದೇಶ. ನಮ್ಮದೇ ಓಣಿ ನನ್ನ ಪಾಲಿಗೆ ಬಂತು. ಜೊತೆಗೆ ಹಾಕಿದ್ದು ಯಾರನ್ನು? ಮನೆ ಹತ್ತಿರದ ಶಾಲೆಯಲ್ಲಿ ಕರುಣಾಳಿಗೆ ಮೂರನೇ ತರಗತಿಯ ಪಾಠ ಹೇಳಿದ ಶಿವಲೀಲಾ ಟೀಚರನ್ನು. ಜೂನ್‌ನಲ್ಲಿ ಅವರು, "ಸರ್, ಕರುಣಾ ಯಾಕ ಬರವಲ್ಲಳು?" ಎಂದು ಕೇಳಿದಾಗ, "ಬೇರೆ ಕಡೆ ಹಾಕಿದ್ದೀವಿ," ಅಂದಿದ್ದೆ. ಮುಂಜಾನೆ ಐದಕ್ಕೆ ಪ್ರಾರ್ಥನೆ ಮಾಡುವವನ ಬಾಯಲ್ಲಿ ಈ ಸುಳ್ಳು!

ಸಮೀಕ್ಷೆಯ ದಿನ ಓಣಿಯ ಮನೆಗಳನ್ನೆಲ್ಲ ಮುಗಿಸಿದೆವು. ನಮ್ಮ ಮನೆ ಬಂದಾಗ ನಾನು ಹೆಜ್ಜೆ ಬಿರುಸಾಗಿ ಹಾಕಿದೆ. "ಇದು ನಮ್ಮದೇ ಟೀಚರ್. ಮುಂದೆ ನಡೀರಿ."

ಬಾಗಿಲು ತೆರೆಯಿತು. ಕರುಣಾ ಹಳೆಯ ಸಮವಸ್ತ್ರ ಹಾಕಿಕೊಂಡು, ಜಡೆಗೆ ರಿಬ್ಬನ್ ಕಟ್ಟಿಕೊಂಡು ಅಂಗಳಕ್ಕೆ ಓಡಿ ಬಂದಳು. ನನ್ನ ಕಡೆ ನೋಡಲೇ ಇಲ್ಲ.

"ಟೀಚರ್, ನನ್ನ ಹೆಸರೂ ಬರಕೊಳ್ರಿ. ನಾನೂ ಸಾಲಿ ಬಿಟ್ಟೀನಿ."

ಶಿವಲೀಲಾ ಟೀಚರು ಒಮ್ಮೆ ಅವಳನ್ನು, ಒಮ್ಮೆ ನನ್ನನ್ನು ನೋಡಿದರು. ಫಾರಂ ಇದ್ದದ್ದು ನನ್ನ ಕೈಯಲ್ಲಿ. ಪೆನ್ನೂ ನನ್ನದೇ.

"ಬರೀರಿ ಸರ್," ಅಂದರು ಅವರು ಮೆಲ್ಲಗೆ. "ಶಾಲೆ ಬಿಟ್ಟಿದ್ದಕ್ಕೆ ಕಾರಣ ಅಂತ ಒಂದು ಕಾಲಂ ಐತಿ, ಅದನ್ನೂ ತುಂಬ್ರಿ."

ಅದರಲ್ಲಿ ಕುರಿ ಕಾಯುವುದು, ಕೂಲಿ, ಗುಳೆ, ಕಾಯಿಲೆ ಎಂದೆಲ್ಲ ಅಚ್ಚಾಗಿತ್ತು. ಅಪ್ಪ ಎಂದು ಎಲ್ಲೂ ಇರಲಿಲ್ಲ. 'ಇತರೆ' ಎಂಬುದಕ್ಕೆ ಗುರುತು ಹಾಕಿದೆ.

ಎಸ್ತರ್ ಬಾಗಿಲಲ್ಲಿ ನಿಂತಿದ್ದಳು. ಟೀಚರು ಹೋದ ಮೇಲೆ ಅಂದಳು: "ದಿನಾ ಹತ್ತಕ್ಕ ಸಾಲಿ ಗಂಟಿ ಕೇಳಿಸ್ತೈತಿ. ಈಕಿ ನಮ್ಮ ಮನಿ ಗೇಟಿನ ಹತ್ರ ಹೋಗಿ ಒಬ್ಬಾಕಿನs ನೆಟ್ಟಗ ನಿಂತು ಪ್ರಾರ್ಥನಿ ಹಾಡ್ತಾಳ. ಮುಗಿದ ಮ್ಯಾಲೆ ಒಳಗ ಬಂದು ಗುಂಡಿ ಹಚ್ಚಾಕ ಕೂಡ್ತಾಳ. ನಿಮಗ ಹೇಳಿದ್ರ ಬ್ಯಾಸರ ಮಾಡ್ಕೋತೀರಿ ಅಂತ ಸುಮ್ನಿದ್ದೆ. ದೇವರು ನಿಮ್ಮ ಕೈಗೆ ಮಗಳನ್ನ ಕೊಟ್ಟಾನ್ರೀ, ಸಾಲಿ ಕೊಟ್ಟಿಲ್ಲ."

ಹದಿನಾಲ್ಕು ವರ್ಷ ಪರರ ಮಕ್ಕಳ ಮುಖ ಓದಿದವನಿಗೆ ಮನೆಯೊಳಗಿನ ಮುಖ ಒಂದು ಓದಲು ಬಂದಿರಲಿಲ್ಲ. ಒಳಗೆ ಹೋಗಿ ವೇಳಾಪಟ್ಟಿಯನ್ನು ಗೋಡೆಯಿಂದ ಕಿತ್ತೆ. ಸುಣ್ಣವೂ ಅದರ ಜೊತೆಗೇ ಕಿತ್ತು ಬಂತು.

ಮರುದಿನ ನಾನೇ ಮಗಳ ಚೀಲ ಹೊತ್ತು ಶಾಲೆಗೆ ಬಿಟ್ಟು ಬಂದೆ. ಗೇಟಿನೊಳಗೆ ಹೋದವಳು ಒಮ್ಮೆಯೂ ತಿರುಗಿ ನೋಡಲಿಲ್ಲ. ಮನೆಯ ಪ್ರಾರ್ಥನೆ ಈಗ ಸಂಜೆ ಏಳಕ್ಕೆ, ಹತ್ತೇ ನಿಮಿಷ. ನಡೆಸುವವಳು ಕರುಣಾ. ನಾನು ನಿದ್ದೆ ಮಾಡುವಷ್ಟು ಉದ್ದ ಅವಳು ಎಳೆಯುವುದಿಲ್ಲ.

ವಿಷಯ ಇಲ್ಲಿಗೆ ಮುಗಿದಿದ್ದರೆ ಮಾನ ಉಳಿಯುತ್ತಿತ್ತು. ಶಿಕ್ಷಕರ ತಿಂಗಳ ಸಭೆಯಲ್ಲಿ ಶಿಕ್ಷಣ ಇಲಾಖೆಯ ಸಾಹೇಬರು ಸಮೀಕ್ಷೆಯ ಫಲಿತಾಂಶ ಓದಿದರು. ನಮ್ಮ ವಲಯದಲ್ಲಿ ಹುಡುಕಿದ ಮಗುವನ್ನು ಎಲ್ಲರಿಗಿಂತ ಬೇಗ, ಒಂದೇ ದಿನದಲ್ಲಿ ಮರಳಿ ಶಾಲೆಗೆ ಸೇರಿಸಿದ ಶಿಕ್ಷಕ ನಾನಂತೆ! ಚಪ್ಪಾಳೆಯಾಯಿತು. ವೇದಿಕೆಗೆ ಕರೆದು ಮೈಕು ಕೊಟ್ಟರು.

"ಆ ಮಗುವಿನ ಹೆತ್ತವರನ್ನು ಹೇಗೆ ಒಪ್ಪಿಸಿದಿರಿ? ಉಳಿದವರಿಗೂ ಗೊತ್ತಾಗಲಿ."

ಹಿಂದಿನ ಸಾಲಿನಲ್ಲಿ ಶಿವಲೀಲಾ ಟೀಚರು ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದರು.

"ತಾಯಿ ಮೊದಲಿನಿಂದಲೂ ಒಪ್ಪಿದ್ದರು ಸರ್," ಅಂದೆ. "ತಂದೆಗೇ ಸ್ವಲ್ಪ ತಿಳಿವಳಿಕೆ ಕಡಿಮೆ."

"ಪಾಪ, ಓದು ಬರಹ ಇಲ್ಲದವರೋ?"

ಮೈಕಿನ ಮುಂದೆ ಇನ್ನೊಂದು ಸುಳ್ಳು ಹೇಳುವ ಧೈರ್ಯವಾಗಲಿಲ್ಲ.

"ಇಲ್ಲ ಸರ್... ಟಿ.ಸಿ.ಎಚ್. ಆಗಿದೆ."

ಸಾಹೇಬರು ತಲೆ ಚಚ್ಚಿಕೊಂಡರು. "ಛೇ! ಶಿಕ್ಷಕರ ತರಬೇತಿ ಆದವರೇ ಹೀಗೆ ಮಾಡಿದರೆ ಹೇಗ್ರೀ? ಇಂಥ ತಂದೆಯರು ನಿಮ್ಮ ಓಣಿಯಲ್ಲಿ ಇನ್ನೂ ಎಷ್ಟು ಜನ ಇದ್ದಾರೆ?"

ನಾನು ಕೈ ಮುಗಿದೆ.

"ಒಬ್ಬನೇ ಸರ್."