ಹೆಪ್ಪು ಕೇಳಲು ಬಂದವರು

ಹಾನಗಲ್ಲಿನಲ್ಲಿ ನಮ್ಮ ಮನೆಯಷ್ಟು ಹಾಲು ಕೊಳ್ಳುವವರು ಇನ್ನೊಬ್ಬರಿಲ್ಲ. ಹಾಗೆಯೇ ನಮ್ಮ ಮನೆಯಲ್ಲಿ ರೊಟ್ಟಿಯ ಜೊತೆ ಮೊಸರು ಕಂಡವರೂ ಇಲ್ಲ! ಯಾಕೆ ಅಂತೀರಾ? ನಮ್ಮ ಸೋದರತ್ತೆ ವಕೀಲರು.

ಮೊಸರಿಗೂ ವಕೀಲಿಕೆಗೂ ಏನು ಸಂಬಂಧ? ಹೇಳುತ್ತೇನೆ. ಮುಂಬಾಗಿಲಿಗೆ ಅತ್ತೆಯ ಬೋರ್ಡಿದೆ. ಒಳಗೆ ಮೇಜು, ಕುರ್ಚಿ, ಕಪಾಟಿನ ತುಂಬ ಕಾನೂನು ಪುಸ್ತಕ. ಅಲ್ಲಿಗೆ ಬರುವುದು ನೊಣ ಮಾತ್ರ. ಹೆಣ್ಣುಮಗಳೊಬ್ಬಳು ವಕೀಲರ ಮುಂಬಾಗಿಲು ತುಳಿದರೆ ಸಂಜೆಯೊಳಗೆ ಊರಿಗೆಲ್ಲ ಸುದ್ದಿ: "ಆಕಿ ಅಣ್ಣತಮ್ಮರ ಮ್ಯಾಲೆ ಕೇಸ್ ಹಾಕ್ಯಾಳಂತ!" ಹಾಗಾಗಿ ಗಿರಾಕಿಗಳೆಲ್ಲ ಹಿತ್ತಲ ಬಾಗಿಲಿಗೆ, ಕೈಯಲ್ಲೊಂದು ಬಟ್ಟಲು ಹಿಡಿದು. "ಅಕ್ಕಾರ, ಒಂಚೂರು ಹೆಪ್ಪು ಕೊಡ್ರಿ." ಹಾಲಿಗೆ ಹೆಪ್ಪು ಹಾಕಲು ಶಿಗ್ಗಾವಿಯಿಂದ, ಸವಣೂರಿನಿಂದ ಬಸ್ಸು ಹತ್ತಿ ಬರುತ್ತಾರೆಂದರೆ ಆ ಊರುಗಳಲ್ಲಿ ಎಮ್ಮೆಗಳೇ ಇಲ್ಲವೇನು! ಅತ್ತೆ ರೊಟ್ಟಿ ಬಡಿಯುತ್ತಲೇ ಕಾನೂನು ಹೇಳುತ್ತಾರೆ. ಬಂದ ಬಟ್ಟಲು ಖಾಲಿ ಹೋಗಬಾರದಲ್ಲ, ನಮ್ಮ ಮೊಸರು ಹೋಗುತ್ತದೆ.

"ಅತ್ತೀ, ನನಗೂ ಒಂದ್ ಚಮಚಾ ಉಳಸ್ರಿ."

"ನಿಂದೇನ್ ಕೇಸ್ ಐತಿ?"

ನಾಗರ ಪಂಚಮಿ ಬಂತೆಂದರೆ ಗಿರಾಕಿ ಜೋರು. ತವರಿಗೆ ಬಂದ ಅಕ್ಕತಂಗಿಯರಿಗೆ ಅಣ್ಣಂದಿರು ಉಂಡಿ ತಿನ್ನಿಸಿ, ಸೀರೆ ಉಡಿಸಿ, ಆಮೇಲೆ ಒಂದು ಕಾಗದ ಮುಂದಿಡುತ್ತಾರೆ. ಅಪ್ಪನ ಹೊಲದಲ್ಲಿ ನನಗೆ ಪಾಲು ಬೇಡ ಎಂಬ ಹಕ್ಕು ಬಿಡುಗಡೆ ಪತ್ರ! ಎಂಥ ಪ್ರೀತಿ ನೋಡಿ. (ಮಾಸೂರಿಗೆ ಕೊಟ್ಟ ನನ್ನ ತಂಗಿಗಾಗಿ ಅಂಥದೊಂದು ಕಾಗದ ನಾನೂ ಬರೆಸಿಟ್ಟಿದ್ದೆ. ನಮ್ಮ ಮಾತು ಬೇರೆ ಬಿಡಿ, ನಮ್ಮದು ಅನ್ಯೋನ್ಯ ಕುಟುಂಬ.)

ಹೋದ ವರ್ಷ ತಿಳವಳ್ಳಿಯ ಹೆಣ್ಣುಮಗಳೊಬ್ಬಳು ಬಟ್ಟಲು ಹಿಡಿದು ಅತ್ತಳು. "ಸಹಿ ಮಾಡಿದ್ರ ಪಾಲು ಹೋಗ್ತೈತ್ರಿ, ಮಾಡದಿದ್ರ ತವರು ಹೋಗ್ತೈತ್ರಿ."

"ಒಲ್ಲೆ ಅನಬ್ಯಾಡ," ಎಂದರು ಅತ್ತೆ. "'ಅಣ್ಣಾ, ಕನ್ನಡಕ ಮರತು ಬಂದೇನಿ, ನೀನಾ ಜೋರಾಗಿ ಓದಿ ಹೇಳು' ಅನ್ನು. ಅಷ್ಟ ಸಾಕು."

ಇದೂ ಒಂದು ಕಾನೂನು ಸಲಹೆಯೇ? ನಾನು ಹೊಟ್ಟೆ ಹಿಡಿದು ನಕ್ಕೆ. ವಾರದ ಮೇಲೆ ಆಕೆ ಬಂದು ಹೇಳಿದಳು: ಅಣ್ಣ ಓದುತ್ತ ಓದುತ್ತ "ಸ್ವಸಂತೋಷದಿಂದ, ಯಾರ ಒತ್ತಾಯವೂ ಇಲ್ಲದೆ" ಎಂಬಲ್ಲಿಗೆ ಬಂದು, ತಂಗಿಯ ಮುಖ ನೋಡಿ, ಕೆಮ್ಮು ಹತ್ತಿ, ನೀರು ಬೇಡಿ, ಕಾಗದ ಮಡಚಿಟ್ಟನಂತೆ! ಅತ್ತೆ ಕೇಸು ಗೆದ್ದರು. ನಮ್ಮ ಹೆಪ್ಪು ಮಾತ್ರ ವಾಪಸ್ ಬರಲಿಲ್ಲ.

ಈ ವರ್ಷ ಪಂಚಮಿಗೆ ನಾನು ಹೊಸ ಸೀರೆ, ಕಾಗದ, ಪೆನ್ನು ಎಲ್ಲ ಜೋಡಿಸಿಕೊಂಡು ಪಡಸಾಲೆಯಲ್ಲಿ ತಂಗಿಯ ದಾರಿ ಕಾಯುತ್ತಿದ್ದೆ. ಆಕೆ ಮುಂಬಾಗಿಲಿಗೆ ಬರಲೇ ಇಲ್ಲ. ಅಡುಗೆಮನೆಯಿಂದ ದನಿ ಕೇಳಿಸಿತು.

"ಅತ್ತೀ, ಒಂಚೂರು ಹೆಪ್ಪು ಬೇಕಾಗಿತ್ತು."

ಹೋಗಿ ನೋಡಿದರೆ ಹಿತ್ತಲ ಬಾಗಿಲಲ್ಲಿ ತಂಗಿ, ಕೈಯಲ್ಲಿ ಬಟ್ಟಲು. ಎರಡೆಮ್ಮೆ ಹಿಂಡುವ ಮನೆಯವಳು! ಕಾಗದದ ಸುದ್ದಿ ಮಾಸೂರಿಗೆ ಆಗಲೇ ಮುಟ್ಟಿತ್ತು. ಹುಟ್ಟಿದ ಮನೆಗೆ ಹಿಂದಿನ ಬಾಗಿಲಿನಿಂದ ಬಂದಿದ್ದಳು. ನನ್ನ ತಂಗಿ ನನಗೆ ಹೆದರಿದ್ದಳು.

ಅತ್ತೆ ತಲೆ ಎತ್ತದೆ ರೊಟ್ಟಿ ಬಡಿಯುತ್ತಲೇ ಇದ್ದರು. ತಂಗಿ ನನ್ನ ಜೇಬಿನಲ್ಲಿದ್ದ ಕಾಗದ ನೋಡಿದಳು.

"ಸಹಿ ಮಾಡ್ತೇನಿ, ಕೊಡಣ್ಣಾ. ಆದ್ರ ಕನ್ನಡಕ ಮರತು ಬಂದೇನಿ, ನೀನಾ ಓದಿ ಹೇಳು."

ಹುಟ್ಟಿದಾಗಿನಿಂದ ಕನ್ನಡಕ ಹಾಕಿದವಳೇ ಅಲ್ಲ!

ಓದಿದೆ. "ಸ್ವಸಂತೋಷದಿಂದ" ಎಂಬಲ್ಲಿಗೆ ಬಂದೆ. ಮುಂದಿನ ಅಕ್ಷರ ಕಾಣಲಿಲ್ಲ. "ಸಹಿ ಬ್ಯಾಡವ್ವಾ," ಎಂದು ಕಾಗದ ಮಡಚಿ ಅವಳ ಬಟ್ಟಲಿಗೆ ಹಾಕಿದೆ. ನಾನು ಬೇಡುವ ಮೊದಲೇ ತಂಗಿ ನೀರಿನ ತಂಬಿಗೆ ತಂದು ನನ್ನ ಕೈಗಿಟ್ಟಳು.