ಹುತ್ತದ ಪಕ್ಕದ ಬುಲ್ಡೋಜರು

ನಮ್ಮೂರಲ್ಲಿ ಯಾವ ಕೆಲಸವೂ ಶುರುವಾದ ದಾರಿಯಲ್ಲೇ ಮುಗಿಯೋದಿಲ್ಲ. ಬಾವಿ ತೋಡೋಕೆ ಹೋಗಿ ಜಗಳ ತೋಡ್ತಾರೆ, ಜಗಳ ಬಿಡಿಸೋಕೆ ಹೋಗಿ ಸಂಬಂಧ ಕುದುರಿಸಿಕೊಂಡು ಬರ್ತಾರೆ. ನಾನು ಮಿಡ್ಲ್ ಸ್ಕೂಲು ಅರ್ಧಕ್ಕೆ ಬಿಟ್ಟೋನು. ಬಿಟ್ಟಿದ್ದರಿಂದಲೇ ಇಂಥವನ್ನೆಲ್ಲ ನಿಂತು ನೋಡೋಕೆ ಪುರುಸೊತ್ತು ಸಿಕ್ಕಿದ್ದು. ಹೋದ ವರ್ಷದ ಕಬ್ಬಿಣದ ಸಂಗತಿಯನ್ನೇ ತಗೊಳ್ಳಿ.

ಏನದು?

ನಲ್ಲೂರಿನ ಹುಣಸೆ ತೋಪು ದಾಟಿದರೆ ನಮ್ಮೂರ ಗೋಮಾಳ. ಯುದ್ಧದ ಕಾಲದಲ್ಲಿ ದಂಡಿನವರು ಅಲ್ಲಿ ವಿಮಾನ ಇಳಿಸೋ ಬಯಲು ಮಾಡ್ತೀವಿ ಅಂತ ಒಂದು ಕಬ್ಬಿಣದ ರಾಶಿ ತಂದು ಇಳಿಸಿದರು. ಬಂದಾಗಲೇ ಹಳೇದು. ಕೆಲಸ ಶುರುವಾಗೋ ಮೊದಲೇ ಯುದ್ಧ ಮುಗೀತು. ಡೇರೆ ಕಿತ್ತುಕೊಂಡು ಹೋದರು, ಇದನ್ನ ಬಿಟ್ಟುಹೋದರು. ಆ ರಾಶಿ ಒಂದು ಅಡಿ ಕದಲಿದ್ದನ್ನೂ ನಮ್ಮೂರಲ್ಲಿ ಒಬ್ಬರೂ ನೋಡಿಲ್ಲ. ಮೇಲೆ ಲಂಟಾನ ಹಬ್ಬಿತು.

ಕಮ್ಮಾರ ಅದನ್ನ ಮೂತಿ ಮುರಿದ ಫಿರಂಗಿ ಅಂದ. ಶ್ಯಾನುಭೋಗರು ಚಕ್ರ ಕಳೆದುಕೊಂಡ ರೋಡ್ ರೋಲರ್ ಅಂದರು. ನಾನು ಹುಡುಗರಿಗೆ ಆನೆ ತೂಗೋ ತಕ್ಕಡಿ ಅಂತ ಹೇಳಿ, ಸೀಟಿನ ಮೇಲೆ ಕೂರಿಸಿ, ಬೊಗಸೆ ಕಡಲೆಕಾಯಿ ತಗೊಂಡು ತೂಕ ಹೇಳ್ತಿದ್ದೆ. ಪಟೇಲರ ಮೊಮ್ಮಗ ತಾನು ಅರ್ಧ ಆನೆ ಅಂತ ಮನೇಲಿ ಹೇಳಿ, ರಾತ್ರಿ ಮುದ್ದೆ ಕಮ್ಮಿ ಮಾಡಿಸಿಕೊಂಡ.

ಅಷ್ಟರಲ್ಲಿ ಮಿಲಿಟರಿಗೆ ಹೋಗಿದ್ದ ನನ್ನ ಸೋದರಮಾವ ವಾಪಸ್ ಬಂದ. ಬಳ್ಳಿ ಎಳೆದು ಮುಂದಿದ್ದ ಅಗಲದ ತಗಡು ನೋಡಿದ್ದೇ ತಡ, "ಲೇ, ಬುಲ್ಡೋಜರ್ ಕಣೋ ಇದು! ಬರ್ಮಾ ಕಾಡಲ್ಲಿ ಇದರ ಮೇಲೆ ಕೂತೇ ರಸ್ತೆ ಮಾಡಿದ್ದು ನಾನು. ಗುಡ್ಡದಷ್ಟು ಮಣ್ಣು ತಳ್ಳುತ್ತೆ!" ಅಂದ.

ಅಜ್ಜಿ ಹತ್ತಿರ ಬಂದು ನೋಡಿದಳು. "ಇದು ಮಣ್ಣು ತಳ್ಳೋದಾ? ನೋಡಿದ್ರೆ ಮಣ್ಣೇ ಇದನ್ನ ತಿಂದುಕೊಂಡು ಬರ್ತಿದೆಯಲ್ಲೋ ಮಗ."

ಆವತಿಯವರ ಅನುಮಾನ

ಮಾವ ಆವತಿಯ ಒಂದು ಹುಡುಗಿಯನ್ನ ಯಾವುದೋ ಮದುವೇಲಿ ನೋಡಿದ್ದ. ಬೇರೆ ಹೆಣ್ಣಿನ ಮಾತೆತ್ತಿದರೆ ಎದ್ದು ಹೋಗ್ತಿದ್ದ. ಹುಡುಗಿಯ ಅಪ್ಪ, ಆವತಿ ಊರಿನ ಯಜಮಾನರು, ಮಾತ್ರ ಹೇಳಿ ಕಳಿಸಿದರು: "ಮಿಲಿಟರಿಗೆ ಹೋದೋನು. ಕೈಯಲ್ಲಿ ಕೆಲಸ ಇಲ್ಲ. ದೇವರಿಗೆ ಕೈ ಮುಗಿಯೋದಾದರೂ ನೆನಪಿದೆಯೋ ಇಲ್ಲವೋ."

ನಮ್ಮ ಪಟೇಲರಿಗೆ ಒಡೆದ ಕೆರೆ ಏರಿಯ ಚಿಂತೆ. "ಇದನ್ನ ಎಬ್ಬಿಸಿ ಏರಿ ಕಟ್ಟಪ್ಪ. ಆವತಿ ಯಜಮಾನರನ್ನ ನಾನೇ ಕರೆಸಿ ತೋರಿಸ್ತೀನಿ," ಅಂದರು.

ಅವತ್ತಿಂದ ಮಾವ ಅದನ್ನ ಎಮ್ಮೆ ಮೈ ತೊಳೆದ ಹಾಗೆ ತೊಳೆಯೋಕೆ ಶುರು ಮಾಡಿದ. "ಯುದ್ಧ ಮುಗಿದ ಮೇಲೆ ಬೇಡವಾಗಿದ್ದು ಇದೊಂದೇ ಅಲ್ಲ ಕಣೋ," ಅಂದ ಒಂದು ದಿನ. ನನ್ನ ಬಾಯಲ್ಲಿ ಒಂದು ತಮಾಷೆ ಸಿದ್ಧವಾಗಿತ್ತು, ನುಂಗಿಕೊಂಡೆ. ಆದರೂ ಸುಮ್ಮನಿರೋಕೆ ಆಗದೆ, "ಮಾವ, ಅತ್ತೆ ಬಂದ ಮೇಲೆ ಅವರನ್ನೂ ಹಿಂಗೇ ಹುಲ್ಲು ಹಾಕಿ ಉಜ್ತೀಯಾ?" ಅಂತ ಕೇಳಿದೆ. ಒದ್ದೆ ಹುಲ್ಲು ನನ್ನ ಮುಖಕ್ಕೇ ಬಿತ್ತು.

ದೇವರ ಒಪ್ಪಿಗೆ

ತೊಳೆಯುತ್ತಾ ಹೋದರೆ, ಚಕ್ರದ ಬದಲು ಅದಕ್ಕಿದ್ದ ಎರಡು ಕಬ್ಬಿಣದ ಪಟ್ಟಾಗಳಲ್ಲಿ ಬಲಗಡೆಯದಕ್ಕೆ ಅಂಟಿಕೊಂಡು ಆಳುದ್ದದ ಹುತ್ತ! ಹೆಂಗಸರು ಹಾಲೆರೆಯೋ ಹುತ್ತ. ಅದಕ್ಕೆ ಗುದ್ದಲಿ ಹಾಕೋಕೆ ಯಾರೂ ಒಪ್ಪಲಿಲ್ಲ. ಪೂಜಾರಪ್ಪ ಯೋಚನೆ ಮಾಡಿ, "ಅಗೆಯೋದು ಪಾಪ. ಬುಲ್ಡೋಜರು ತಾನಾಗೇ ಎದ್ದು ಪಕ್ಕಕ್ಕೆ ಹೋದರೆ ನಮ್ಮದೇನಿಲ್ಲ. ಆದರೂ ಒಂದು ಮಾತು ಕೇಳಬೇಕು," ಅಂದ.

ಕೇಳೋದು ಅಂದರೆ ಹೂವಿನಲ್ಲಿ. ಹುತ್ತದ ಎಡಕ್ಕೊಂದು ಬಲಕ್ಕೊಂದು ಹೂವನ್ನ ಒದ್ದೆ ಮಾಡಿ ಅಂಟಿಸಿ ಕಾಯಬೇಕು. ಬಲಗಡೆಯದು ಬಿದ್ದರೆ ಒಪ್ಪಿಗೆ. ಬಿಸಿಲು ಏರಿತು. ಎರಡೂ ಅಲ್ಲಾಡಲಿಲ್ಲ. ಕಾದು ಕಾದು ಬೇಜಾರಾಗಿ ಮಾವ ಬುಲ್ಡೋಜರಿನ ಆ ಕಡೆ ಹೋಗಿ, ಕಚ್ಚಿಕೊಂಡಿದ್ದ ಒಂದು ಮೊಳೆಗೆ ಸುತ್ತಿಗೆಯಲ್ಲಿ ಎರಡು ಬಿಟ್ಟ. ಬಲಗಡೆ ಹೂವು ಟಪ್ ಅಂತ ಬಿತ್ತು.

ಎಲ್ಲರೂ ಕೈ ಮುಗಿದರು. ನಾನು ಪೂಜಾರಪ್ಪನ ಕಿವಿಯಲ್ಲಿ, "ಸುತ್ತಿಗೆ ಸದ್ದು ಕೇಳಿಸಲಿಲ್ವಾ?" ಅಂದೆ.

"ಕೇಳಿಸ್ತು ಕಣೋ. ಹೊಟ್ಟೆ ಹಸೀತಿದೆ, ಸುಮ್ಮನಿರು."

ಹರಳೆಣ್ಣೆ

ಎಂಜಿನ್ನಿನ ಒಳಗೆಲ್ಲ ತುಕ್ಕು. ಎಣ್ಣೆ ಬಿಟ್ಟು ನೆನೆಸಬೇಕು ಅಂದ ಮಾವ. ಅಜ್ಜಿ ಹರಳೆಣ್ಣೆ ಮಡಕೆ ತಂದಳು. "ಮಗುವಿಗಾದರೆ ಅರ್ಧ ಒಳಲೆ ಸಾಕು. ಇದಕ್ಕೆಷ್ಟೋ?"

"ಪೂರ್ತಿ ಬಿಡಮ್ಮ."

ಕೆಲವು ದಿನ ನೆಂದ ಮೇಲೆ ಮಾವ ಪಕ್ಕದ ಪುಟ್ಟ ಎಂಜಿನ್ನಿಗೆ ಹಗ್ಗ ಸುತ್ತಿ ಎಳೆದ. ಅದು ಎದ್ದು ದೊಡ್ಡದನ್ನ ಎಬ್ಬಿಸಬೇಕು. ನಮ್ಮನೇಲೂ ಹಾಗೇ, ನನ್ನನ್ನ ಎಬ್ಬಿಸೋಕೆ ಮೊದಲು ನನ್ನ ತಮ್ಮನ್ನ ಎಬ್ಬಿಸ್ತಾರೆ. ದೊಡ್ಡದು ಗೊರಗೊರ ಅಂತು, ಕೆಮ್ಮಿತು, ನಡುಗಿತು. ಹೊಗೆ ಕೊಳವೆಯಿಂದ ಇಲಿಗೂಡು, ತರಗು, ಮಸಿ ಎಲ್ಲ ಒಟ್ಟಿಗೆ ಹಾರಿ ಪಟೇಲರ ಬಿಳೀ ರುಮಾಲಿನ ಮೇಲೆ ಬಿತ್ತು. ಮಾವನ ಕಣ್ಣಲ್ಲಿ ನೀರು. ಪಟೇಲರ ಕಣ್ಣಲ್ಲಿ ಮಸಿ.

ಅಜ್ಜಿಗೆ ಮಾತ್ರ ಏನೂ ಆಶ್ಚರ್ಯವಿಲ್ಲ. "ಹರಳೆಣ್ಣೆ ಕುಡಿಸಿದ ಮೇಲೆ ಹತ್ತಿರ ನಿಂತಿದ್ದು ನಿಮ್ಮದೇ ತಪ್ಪು ಪಟೇಲ್ರೇ."

ಪ್ರದಕ್ಷಿಣೆ

ಆವತಿ ಯಜಮಾನರು ಬಂದ ದಿನ ಊರೆಲ್ಲ ಗೋಮಾಳದಲ್ಲಿ. ತಗಡಿಗೆ ಅರಿಶಿನ ಕುಂಕುಮ, ಪಟ್ಟಾದ ಕೆಳಗೆ ನಿಂಬೆಹಣ್ಣು. ಮಾವ ಹತ್ತಿ ಕೂತ. ಬುಲ್ಡೋಜರು ಒಮ್ಮೆ ಜಗ್ಗಿ ಹುತ್ತದಿಂದ ಬಿಡಿಸಿಕೊಂಡಿತು. ಹಿಡಿ ಮಣ್ಣು ಉದುರಿದ್ದು ಬಿಟ್ಟರೆ ಹುತ್ತ ಹಾಗೇ ನಿಂತಿತ್ತು. ಜನ ಕೇಕೆ ಹಾಕಿದರು.

ಅದು ನೆಟ್ಟಗೆ ಕೆರೆ ಕಡೆ ಹೋಗಬೇಕಿತ್ತು. ಬಲಕ್ಕೆ ತಿರುಗಿತು. ತಿರುಗುತ್ತಲೇ ಹೋಯಿತು. ಹುತ್ತವನ್ನ ಬಲಕ್ಕಿಟ್ಟುಕೊಂಡು ಒಂದು ಸುತ್ತು ಬಂತು, ನಿಲ್ಲದೆ ಇನ್ನೊಂದಕ್ಕೆ ಹೊರಟಿತು.

ನಾನು ಪಕ್ಕದಲ್ಲಿ ಓಡುತ್ತಾ, "ಮಾವ, ಕೆರೆ ಆ ಕಡೆ!" ಅಂತ ಕೂಗಿದೆ.

"ಗೊತ್ತು ಕಣೋ! ಎಡಗಡೆ ಪಟ್ಟಾ ಒಂದೇ ಎಳೀತಿದೆ! ನಿಲ್ಲಿಸೋ ಹಿಡಿಯೂ ಕಚ್ಚಿಕೊಂಡುಬಿಟ್ಟಿದೆ!"

ಆ ಸದ್ದಿನಲ್ಲಿ ಇದು ಬೇರೆ ಯಾರಿಗೂ ಕೇಳಿಸಲಿಲ್ಲ. ಅಜ್ಜಿ ಕೈ ಮುಗಿದಳು. ಪೂಜಾರಪ್ಪ ಗಂಟೆ ಬಾರಿಸಿದ. ಆವತಿ ಯಜಮಾನರು ಒಂದು ಗಳಿಗೆ ಬೆರಗಾಗಿ ನಿಂತು, ಚಪ್ಪಲಿ ಬಿಟ್ಟು, ವಲ್ಲಿಯನ್ನ ಸೊಂಟಕ್ಕೆ ಕಟ್ಟಿಕೊಂಡು ಬುಲ್ಡೋಜರಿನ ಹಿಂದೆ ನಡೆದರು. ಯಜಮಾನರೇ ಹೊರಟ ಮೇಲೆ ಊರು ಬಿಡುತ್ತಾ? ಸಾಲು ಕಟ್ಟಿತು. ಸುತ್ತಿದರು, ಸುತ್ತಿದರು. ಮುದುಕರು ಒಬ್ಬೊಬ್ಬರಾಗಿ ನೆಲ ಹಿಡಿದರು. ಡೀಸೆಲ್ ಮುಗಿದಾಗಲೇ ಅದು ನಿಂತಿದ್ದು.

ಏರಿ ಕೆಲಸ ಆಮೇಲೆ ಆಯ್ತು ಬಿಡಿ, ಬಲಗಡೆ ಪಟ್ಟಾ ಸರಿ ಮಾಡಿಕೊಂಡ ಮೇಲೆ. ಅವತ್ತು ಮಾತ್ರ ಮಾವ ಸುತ್ತಿ ಸುತ್ತಿ ತಲೆ ತಿರುಗಿ, ಇಳಿದವನೇ ಹುತ್ತದ ಮುಂದೆ ಬೋರಲು ಬಿದ್ದ. ಯಜಮಾನರು ಏದುಸಿರು ಬಿಡುತ್ತಾ ಬಂದು ಎತ್ತಿದರು.

"ಮೂರು ಸುತ್ತು ಸಾಕಿತ್ತಲ್ಲಪ್ಪ. ಇಷ್ಟೊಂದು ಯಾಕೆ?"

ಮಾವ ಸುಳ್ಳು ಹೇಳೋನಲ್ಲ. "ನಿಲ್ಲಿಸೋಕೇ ಆಗಲಿಲ್ಲ, ಯಜಮಾನ್ರೇ."

ಯಜಮಾನರು ಕಣ್ಣೊರೆಸಿಕೊಂಡು ಪಟೇಲರ ಕಡೆ ತಿರುಗಿದರು. "ಲಗ್ನ ಕಟ್ಟಿಸಿ ಪಟೇಲ್ರೇ. ನಾಲ್ಕನೇ ಸುತ್ತಿಗೆ ನನಗೇ ದೇವರು ಸಾಕು ಅನ್ನಿಸಿಬಿಟ್ಟಿತ್ತು!"